ದೀಪ ಓದುವ ಬೇಬಿಯಕ್ಕ

ಅಮೆರಿಕದ ಹರ್ನ್‌ಡನ್ನಿನಲ್ಲಿ ಕನ್ನಡದವರು ಮೊದಲ ಸಲ ಭೇಟಿಯಾದಾಗ ಊರು ಯಾವುದೆಂದು ಕೇಳುವುದು ಬರೀ ಶಾಸ್ತ್ರಕ್ಕೆ. ನಿಜವಾಗಿ ತಿಳಿಯಬೇಕಾದ್ದು "ಯಾವುದರಲ್ಲಿದ್ದೀರಿ" ಎಂಬುದು. ಉತ್ತರ ಕೇಳಿಸಿಕೊಂಡ ಮೇಲೆ ಮುಖದ ನಗು ಇನ್ನೆಷ್ಟು ಹೊತ್ತು ಇರಬೇಕೆಂದು ನಿರ್ಧಾರವಾಗುತ್ತದೆ. ಆರ್ಕಿಟೆಕ್ಟ್ ಎಂದರೆ ಪಕ್ಕದಲ್ಲಿ ಜಾಗ ಮಾಡಿ ಕೊಡುತ್ತಾರೆ. ಡೆವಲಪರ್ ಎಂದರೆ ವೀಸಾ ವಿಚಾರಿಸುತ್ತಾರೆ. ಟೆಸ್ಟಿಂಗ್ ಎಂದರೆ "ಓ, ನೈಸ್" ಎಂದು ಚಟ್ನಿಯ ಕಡೆ ತಿರುಗುತ್ತಾರೆ. 2003ರಲ್ಲಿ ನಮ್ಮ ಕನ್ನಡ ಸಂಘದ ದೀಪಾವಳಿ ಊಟದಲ್ಲಿ ಬೇಬಿ ಶೆಟ್ಟಿಗಾರ್ ಎಂಬ ನಲವತ್ತಮೂರು ವರ್ಷದ ಹೆಂಗಸು ನಮ್ಮ ಮೇಜಿಗೆ ಬಂದು ಕೂತರು. ಕೇಳಿದ್ದಕ್ಕೆ, "ನಾನು ಡೇಟಾ ಸೆಂಟರಲ್ಲಿ ಟೆಕ್ನಿಷಿಯನ್. ಸರ್ವರ್‌ಗಳ ಲೈಟ್ ನೋಡುದು, ಹೇಳಿದ ಬಟನ್ ಒತ್ತುದು" ಎಂದರು. ಯಾವ ಕಡೆ ತಿರುಗಬೇಕೆಂದು ನಮಗೆ ಯಾರಿಗೂ ತಿಳಿಯಲಿಲ್ಲ. ತ್ಯಾಗರಾಜರಿಗೆ ಮಾತ್ರ ತಿಳಿಯಿತು. ಅವರು ನಕ್ಕರು.

"ಅಂದ್ರೆ ಎಲಿವೇಟರ್ ಆಪರೇಟರ್ ತರಹ? ಒಳ್ಳೇದು ಬಿಡಿ, ಟೈಮ್ ಪಾಸ್ ಆಗತ್ತೆ."

ಮೇಜಿನವರೆಲ್ಲ ನಕ್ಕರು. ನಾನೂ ನಕ್ಕೆ. ತ್ಯಾಗರಾಜರು ನನ್ನ ಮೇಲಧಿಕಾರಿ. ಅವರು ನಕ್ಕಾಗ ನಗುವುದು ನನ್ನ ಕೆಲಸದ ಒಂದು ಭಾಗವಾಗಿತ್ತು, ಅದನ್ನು ನಾನು ಚೆನ್ನಾಗಿಯೇ ಮಾಡುತ್ತಿದ್ದೆ. ನನ್ನ ಹೆಸರು ಕೃಷ್ಣಪ್ರಸಾದ, ಮೈಸೂರಿನವನು. ಆಗ ಡೇಟಾಬೇಸ್ ನೋಡಿಕೊಳ್ಳುತ್ತಿದ್ದೆ. ತ್ಯಾಗರಾಜರು ಬೆಂಗಳೂರಿನವರು. ಅವರ ಕಾರ್ಡಿನಲ್ಲಿ ಆರ್ಕಿಟೆಕ್ಟ್ ಎಂದಿತ್ತು, ಕಂಪ್ಯೂಟರ್ ವ್ಯವಸ್ಥೆಗಳ ನಕ್ಷೆ ಹಾಕುವವರು. ಅವರು ಪರದೆಯ ಮೇಲೆ ಚೌಕ ಬರೆದು, ಚೌಕದಿಂದ ಚೌಕಕ್ಕೆ ಬಾಣ ಎಳೆದು, ಒಂದು ಚೌಕಕ್ಕೆ "ಸರ್ವರ್" ಎಂದು ಹೆಸರಿಡುತ್ತಿದ್ದರು. ಆ ಚೌಕದ ಒಳಗೆ ಏನಿರುತ್ತದೆ ಎಂದು ನೋಡುವ ಕುತೂಹಲ ಅವರಿಗೆ ಹದಿನೈದು ವರ್ಷದ ಸರ್ವಿಸ್ಸಿನಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಬೇಬಿಯಕ್ಕ ಕಾರ್ಕಳದವರು. ಮದುವೆಗೆ ಮುಂಚೆ, ಆಮೇಲೂ ಕೆಲವು ವರ್ಷ, ಅಲ್ಲಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ಯಾರೋ ಮನೆಯಲ್ಲಿ ರಿಸೀವರ್ ಎತ್ತಿದರೆ ಬೋರ್ಡಿನ ಮೇಲೆ ಒಂದು ಪುಟ್ಟ ದೀಪ ಹತ್ತಬೇಕು, ಇವರು ವೈರು ಚುಚ್ಚಿ ಯಾರು ಬೇಕೆಂದು ಕೇಳಬೇಕು. ಮುಂದೆ ತಾನೇ ತಾನಾಗಿ ಕನೆಕ್ಷನ್ ಕೊಡುವ ಎಕ್ಸ್‌ಚೇಂಜ್ ಬಂದಾಗ ಆ ಹೆಂಗಸರನ್ನೆಲ್ಲ ಫೈಲ್ ಜೋಡಿಸಲು ಕೂರಿಸಿದರು. ಗಂಡ ಪುಂಡಲೀಕರು ಹಳೆಯ ಕಾಲದ ಪ್ರೋಗ್ರಾಮರ್. 2000ನೇ ಇಸವಿಗೆ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂಬ ಗಾಬರಿಯಲ್ಲಿ ಅಮೆರಿಕ ಕರೆಸಿಕೊಂಡವರಲ್ಲಿ ಅವರೂ ಒಬ್ಬರು. ಗಾಬರಿ ಇರುವಾಗಲೇ ಗ್ರೀನ್ ಕಾರ್ಡ್ ಬಂತು. ಗಾಬರಿ ಮುಗಿದ ಮೇಲೆ, 2002ರಲ್ಲಿ, ಕೆಲಸ ಹೋಯಿತು. ಏಳು ತಿಂಗಳು ಮನೆಯಲ್ಲಿದ್ದು, ಕೊನೆಗೆ ನಾರ್ತ್ ಕ್ಯಾರೊಲೈನಾದ ರಾಲಿಯಲ್ಲಿ ರಾಜ್ಯ ಸರ್ಕಾರದ ಒಂದು ಕಾಂಟ್ರ್ಯಾಕ್ಟ್ ಸಿಕ್ಕಿತು. ಸೋಮವಾರ ಬೆಳಿಗ್ಗೆ ಕಾರಿನಲ್ಲಿ ಹೋದರೆ ಶುಕ್ರವಾರ ಸಂಜೆ ಬರುವುದು. ಮಗಳು ಅಶ್ವಿತಾ ಹೈಸ್ಕೂಲಿಗೆ ಕಾಲಿಟ್ಟಿದ್ದಳು. ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ಏನಾದರೂ ಮಾಡೋಣವೆಂದು ಬೇಬಿಯಕ್ಕ ಸ್ಥಳೀಯ ಪೇಪರಿನ ಜಾಹೀರಾತು ನೋಡಿ ಪಕ್ಕದ ಊರು ಸ್ಟರ್ಲಿಂಗ್‌ನ ಒಂದು ಹೋಸ್ಟಿಂಗ್ ಕಂಪನಿಗೆ ಅರ್ಜಿ ಹಾಕಿದರು. ಬೇರೆಯವರ ಸರ್ವರುಗಳನ್ನು ತಮ್ಮ ಕಟ್ಟಡದಲ್ಲಿಟ್ಟುಕೊಂಡು ಕರೆಂಟು, ತಂಪು, ಕಾವಲು ಕೊಡುವ ಕಂಪನಿ ಅದು.

ಸಂದರ್ಶನ ಮಾಡಿದ್ದು ಲೂಥರ್. ಸೌತ್ ಕ್ಯಾರೊಲೈನಾದ ಕರಿಯ ಮನುಷ್ಯ. ಇಪ್ಪತ್ತೆರಡು ವರ್ಷ ನೌಕಾಪಡೆಯ ಹಡಗುಗಳಲ್ಲಿ ರಾಡಾರ್ ನೋಡಿಕೊಂಡಿದ್ದವನು. ಕಂಪ್ಯೂಟರ್ ಬಗ್ಗೆ ಏನು ಗೊತ್ತು ಎಂದು ಕೇಳಿದ. ಏನೂ ಗೊತ್ತಿಲ್ಲ ಎಂದರು ಬೇಬಿಯಕ್ಕ. ಮತ್ತೇನು ಗೊತ್ತು ಎಂದ. ಹನ್ನೆರಡು ವರ್ಷ ದೀಪ ನೋಡಿದ್ದೇನೆ ಎಂದು ಎಕ್ಸ್‌ಚೇಂಜಿನ ಕತೆ ಹೇಳಿದರು. ಲೂಥರ್ ಎದ್ದು ಅವರನ್ನು ಸೀದಾ ಸರ್ವರುಗಳ ಹಾಲ್‌ಗೆ ಕರೆದುಕೊಂಡು ಹೋದ. ಆಳೆತ್ತರದ ಕಬ್ಬಿಣದ ಕಪಾಟು, ಅದನ್ನು ರ‍್ಯಾಕ್ ಎನ್ನುತ್ತಾರೆ. ಒಂದರ ಮೇಲೊಂದು ಮೂವತ್ತಾರು ಸರ್ವರುಗಳನ್ನು ಪೇರಿಸಿಟ್ಟ ಒಂದು ರ‍್ಯಾಕಿನ ಮುಂದೆ ನಿಲ್ಲಿಸಿ ಹೇಳಿದ:

"ಒಂದು ನಿಮಿಷ ನೋಡಿ. ಆಮೇಲೆ ಬೆನ್ನು ತಿರುಗಿಸಿ, ಯಾವುದು ಬೇರೆ ಥರ ಇದೆ ಅಂತ ಹೇಳಿ."

ಬೇಬಿಯಕ್ಕ ನೋಡಿ ಬೆನ್ನು ತಿರುಗಿಸಿದರು. "ಮೇಲಿನಿಂದ ಹನ್ನೊಂದನೆಯದು. ಉಳಿದದ್ದರಲ್ಲಿ ಹಸಿರು ದೀಪ ಮಿನುಗುತ್ತದೆ. ಅದರಲ್ಲಿ ಸುಮ್ಮನೆ ಉರಿಯುತ್ತದೆ."

ಲೂಥರ್ ಯೋಚಿಸಿಟ್ಟುಕೊಂಡಿದ್ದು ಬೇರೊಂದು ಸರ್ವರ್. ಅದರಲ್ಲಿ ಢಾಳಾಗಿ ಕಿತ್ತಳೆ ದೀಪವೇ ಇತ್ತು. ಅದನ್ನೂ ಹೇಳಿದರು, ಎರಡನೆಯದಾಗಿ. ಆದರೆ ಹನ್ನೊಂದನೆಯದನ್ನು ಆತ ಗಮನಿಸಿಯೇ ಇರಲಿಲ್ಲ. ಬಗ್ಗಿ ನೋಡಿದ. ನೆಟ್‌ವರ್ಕಿನ ವೈರಿನಲ್ಲಿ ಮಾಹಿತಿ ಓಡಾಡಿದರೆ ಆ ಹಸಿರು ದೀಪ ಮಿನುಗಬೇಕು. ಬರೀ ಉರಿದರೆ ವೈರು ಸಿಕ್ಕಿಸಿದೆ, ಆದರೆ ಮಾತುಕತೆ ಇಲ್ಲ ಎಂದರ್ಥ. ಸರ್ವರ್ ಉಸಿರು ಕಟ್ಟಿ ನಿಂತಿತ್ತು. ಅದರ ಮಾಲೀಕರಿಗೇ ಇನ್ನೂ ಗೊತ್ತಾಗಿರಲಿಲ್ಲ. ಬೇಬಿಯಕ್ಕನಿಗೆ ಕೆಲಸ ಸಿಕ್ಕಿತು.

ಲೂಥರ್ ಕಲಿಸಿದ್ದನ್ನು ಅವರು ಒಮ್ಮೆ ನನಗೂ ವಿವರಿಸಿದ್ದರು. ಎಂಟು ವರ್ಷ ಸರ್ವರುಗಳ ಮೇಲೆ ಅನ್ನ ತಿಂದ ನನಗೆ ಅದರಲ್ಲಿ ಮುಕ್ಕಾಲು ಹೊಸದು. ಪ್ರತಿ ಸರ್ವರಿನ ಮೂತಿಯ ಮೇಲೆ ಒಂದು ಪವರ್ ಬಟನ್. ಒಮ್ಮೆ ಮುಟ್ಟಿ ಬಿಟ್ಟರೆ ಕೆಲಸವೆಲ್ಲ ಮುಗಿಸಿ ನಿಧಾನ ಮಲಗುತ್ತದೆ. ನಾಲ್ಕು ಸೆಕೆಂಡು ಒತ್ತಿ ಹಿಡಿದರೆ ಕುತ್ತಿಗೆ ಹಿಸುಕಿದ ಹಾಗೆ, ಬರೆಯುತ್ತಿದ್ದದ್ದನ್ನು ಅರ್ಧಕ್ಕೆ ಬಿಟ್ಟು ಸಾಯುತ್ತದೆ. ಅದರ ಪಕ್ಕ ಇನ್ನೊಂದು ಸಣ್ಣ ಬಟನ್. ಒತ್ತಿದರೆ ಮುಂದೆಯೂ ಹಿಂದೆಯೂ ನೀಲಿ ದೀಪ ಹತ್ತುತ್ತದೆ, ಅಷ್ಟೇ. ನೂರಾರು ಸರ್ವರುಗಳ ಸಾಲಿನಲ್ಲಿ ಮುಂದಿನಿಂದ ಗುರುತು ಹಾಕಿ, ಸುತ್ತಿ ಹಿಂದೆ ಹೋದಾಗ ನಮ್ಮದು ಯಾವುದೆಂದು ಹುಡುಕಲು. ಇನ್ನೊಂದು ಬಟನ್ ಸೂಜಿ ತೂತಿನ ಒಳಗಿರುತ್ತದೆ. ಒತ್ತಿದರೆ ಸರ್ವರ್ ನಿಂತಲ್ಲೇ ಎಲ್ಲ ಬಿಟ್ಟು ತನ್ನ ನೆನಪನ್ನೆಲ್ಲ ಕಕ್ಕುತ್ತದೆ. "ಅದನ್ನು ಮಾತ್ರ ದೇವರೇ ಫೋನ್ ಮಾಡಿ ಹೇಳಿದ್ರೂ ಒತ್ತಬಾರ್ದು ಅಂತ ಲೂಥರ್ ಹೇಳಿದ್ದಾರೆ" ಎಂದಿದ್ದರು. ಮಾಹಿತಿ ತುಂಬಿಡುವ ಡಿಸ್ಕುಗಳಿಗೆ ಒಂದೊಂದಕ್ಕೂ ತನ್ನದೇ ದೀಪ. ಹಸಿರು ಮಿನುಗಿದರೆ ಕೆಲಸದಲ್ಲಿದೆ, ಕಿತ್ತಳೆಯಾದರೆ ಕೆಟ್ಟಿದೆ.

ಬೇಬಿಯಕ್ಕ ದಿನಕ್ಕೆ ನಾಲ್ಕು ಸುತ್ತು ಹಾಲ್ ಪೂರ್ತಿ ನಡೆಯುತ್ತಿದ್ದರು. ಕೈಯಲ್ಲಿ ಒಂದು ನೋಟ್‌ಬುಕ್. ಗಂಟೆ, ಸಾಲು, ರ‍್ಯಾಕ್, ಸರ್ವರ್, ದೀಪ ಎಲ್ಲ ಅದರಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದರು. ನಿಂತುಕೊಂಡು ಬೇಗ ಬರೆಯಲು ಅದೇ ಸಲೀಸು. ಆಮೇಲೆ ಕೂತು ಕಂಪನಿಯ ದೂರು ಪಟ್ಟಿಗೆ ಇಂಗ್ಲಿಷಿನಲ್ಲಿ ಹಾಕುತ್ತಿದ್ದರು.

ಇಷ್ಟು ಕೆಲಸ ಮಾಡುವವರಿಗೆ ನಮ್ಮ ಸಂಘದಲ್ಲಿ ಸಿಕ್ಕ ಸ್ಥಾನವೆಂದರೆ ಗೋಳಿಬಜೆ ಕರಿಯುವುದು. ಪ್ರತಿ ಹಬ್ಬಕ್ಕೂ ಅವರಿಗೇ ಫೋನ್. "ಬೇಬಿ ಅವ್ರೆ, ನೀವು ಫ್ರೀ ಇರ್ತೀರಲ್ಲ" ಎಂದು ಶುರು ಮಾಡುವವರು ವಾರಕ್ಕೆ ಇಪ್ಪತ್ತು ಗಂಟೆ ಮೀಟಿಂಗಿನಲ್ಲಿ ಆಕಳಿಸುವವರು.

2005ರ ವಸಂತದಲ್ಲಿ ನಮ್ಮ ಕಂಪನಿ ತನ್ನ ಎರಡು ಸರ್ವರುಗಳನ್ನು ಇದೇ ಕಟ್ಟಡಕ್ಕೆ ತಂದಿಟ್ಟಿತು. ನಾರ್ತ್ ಕ್ಯಾರೊಲೈನಾದ ಮೂರು ಕೌಂಟಿಗಳ, ಅಂದರೆ ಜಿಲ್ಲೆಗಳ, ಸ್ಕೂಲ್ ಬಸ್ಸುಗಳು ಯಾವ ದಾರಿಯಲ್ಲಿ ಹೋಗಬೇಕು, ಯಾವ ಮಗುವನ್ನು ಎಲ್ಲಿ ಹತ್ತಿಸಿಕೊಳ್ಳಬೇಕು ಎಂಬ ಪಟ್ಟಿ ಅವುಗಳಲ್ಲಿತ್ತು. ಜೂನ್‌ನಲ್ಲಿ ಆ ಕೌಂಟಿಗಳ ಇಬ್ಬರು ಅಧಿಕಾರಿಗಳು ನೋಡಲು ಬಂದರು. ತ್ಯಾಗರಾಜರು ಸೂಟು ಹಾಕಿಕೊಂಡು ಮುಂದೆ, ನಾನು ಹಿಂದೆ. ದಾರಿ ತೋರಿಸಲು ಬೇಬಿಯಕ್ಕ. ನಮ್ಮ ಸರ್ವರ್ ಸುಲಭಕ್ಕೆ ಕಾಣಲೆಂದು ಅವರು ಮೊದಲೇ ಹೋಗಿ ನೀಲಿ ದೀಪ ಹಚ್ಚಿಟ್ಟಿದ್ದರು. ಅಧಿಕಾರಿಗಳಲ್ಲಿ ಒಬ್ಬರು ಆ ನೀಲಿ ಏನು ಎಂದು ಕೇಳಿದರು.

ತ್ಯಾಗರಾಜರು ಗಂಟಲು ಸರಿಮಾಡಿಕೊಂಡರು. ಸರ್ವರ್ ಬಿಸಿಯಾದರೆ ನಮ್ಮ ವಿಶೇಷ ವಿನ್ಯಾಸ ನೀಲಿ ದೀಪದಿಂದ ಎಚ್ಚರಿಸುತ್ತದೆ, ತಮ್ಮ ತಂಡ ಈಗಾಗಲೇ ಅದರ ಮೇಲೆ ಕೆಲಸ ಮಾಡುತ್ತಿದೆ ಎಂದು ಇಂಗ್ಲಿಷಿನಲ್ಲಿ ಎರಡು ನಿಮಿಷ ಮಾತಾಡಿದರು. ಅಧಿಕಾರಿ ಗಾಬರಿಯಿಂದ, "ಅಂದರೆ ಈಗ ಬಿಸಿಯಾಗಿದೆಯೇ?" ಎಂದರು.

"ಇಲ್ಲ," ಎಂದರು ಬೇಬಿಯಕ್ಕ, ಅವರದೇ ನಿಧಾನದ ಇಂಗ್ಲಿಷಿನಲ್ಲಿ. "ಬಿಸಿ ಇಲ್ಲ. ನಿಮಗೆ ಗುರುತು ಸಿಗಲಿ ಎಂದು ನಾನೇ ಹಚ್ಚಿದ್ದು." ಬಟನ್ ಒತ್ತಿದರು. ದೀಪ ಆರಿತು. ಮತ್ತೆ ಒತ್ತಿದರು. ಹತ್ತಿತು. ಅಧಿಕಾರಿಗಳಿಬ್ಬರೂ ನಕ್ಕು, ಇನ್ನು ಮುಂದಿನ ಪ್ರಶ್ನೆಗಳನ್ನೆಲ್ಲ ಅವರಿಗೇ ಕೇಳಿದರು.

ಹೊರಗೆ ಬಂದ ಮೇಲೆ ತ್ಯಾಗರಾಜರು ದನಿ ತಗ್ಗಿಸಿ, "ಬೇಬಿ ಅವ್ರೆ, ಕ್ಲೈಂಟ್ ಮುಂದೆ ಹಾಗೆಲ್ಲ ಕರೆಕ್ಟ್ ಮಾಡ್ಬಾರ್ದು. ಇಟ್ ಲುಕ್ಸ್ ಬ್ಯಾಡ್" ಎಂದರು.

"ನೀವು ತಪ್ಪು ಹೇಳಿದ್ರಲ್ಲ, ಮತ್ತೆ ಎಂತ ಮಾಡುದು?" ಎಂದು ಬೇಬಿಯಕ್ಕ ನಿಜವಾಗಿಯೂ ತಿಳಿಯದೆ ಕೇಳಿದರು. ತ್ಯಾಗರಾಜರು ಕಾರಿನ ಬಾಗಿಲು ಜೋರಾಗಿ ಹಾಕಿಕೊಂಡರು. ಹರ್ನ್‌ಡನ್ ತಲುಪುವವರೆಗೂ ಆ ಹೆಂಗಸಿಗೆ ಪ್ರೊಫೆಷನಲಿಸಂ ಇಲ್ಲವೆಂದು ಹೇಳುತ್ತಲೇ ಇದ್ದರು. ನಾನು ಹೂಂಗುಟ್ಟುತ್ತಲೇ ಇದ್ದೆ.

ಆಗಸ್ಟ್ ಕೊನೆ. ಕ್ಯಾರೊಲೈನಾದ ಶಾಲೆಗಳು ತೆರೆಯಲು ಇನ್ನು ನಾಲ್ಕೇ ದಿನ. ಗುರುವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ ಬೇಬಿಯಕ್ಕನ ಫೋನ್ ಬಂತು. ತ್ಯಾಗರಾಜರು ಸ್ಪೀಕರ್ ಹಾಕಿದರು, ಮೂವರೂ ಮಾತಾಡಿದೆವು. ಪಟ್ಟಿಯೆಲ್ಲ ಇದ್ದ ನಮ್ಮ ಮುಖ್ಯ ಸರ್ವರಿನಲ್ಲಿ ಐದು ಡಿಸ್ಕುಗಳು ಸಾಲಾಗಿದ್ದವು. ಒಂದು ಕೆಟ್ಟರೆ ಉಳಿದ ನಾಲ್ಕು ಅದರ ಮಾಹಿತಿಯನ್ನು ಕಾಪಾಡಿಕೊಳ್ಳುತ್ತವೆ. ಎರಡನೆಯದೂ ಹೋದರೆ ಎಲ್ಲ ಹೋಯಿತು. ಈಗ ಒಂದು ಕೆಟ್ಟಿತ್ತು. ಬದಲಿ ಡಿಸ್ಕ್ ಅಲ್ಲೇ ಸ್ಟೋರಿನಲ್ಲಿತ್ತು. ಕೆಟ್ಟದ್ದನ್ನು ಎಳೆದು ಹೊಸದನ್ನು ತಳ್ಳಿದರೆ ಐದು ನಿಮಿಷದ ಕೆಲಸ.

ತ್ಯಾಗರಾಜರು ತಮ್ಮ ಪರದೆ ನೋಡಿದರು. "ಹೂಂ, ನನಗೂ ಇಲ್ಲಿ ತೋರಿಸ್ತಾ ಇದೆ. ಡಿಸ್ಕ್ ಟೂ ಫೇಲ್ಡ್. ಎಡಗಡೆಯಿಂದ ಎರಡನೇದು ಪುಲ್ ಔಟ್ ಮಾಡಿ."

"ಎರಡನೇದಲ್ಲ, ಮೂರನೇದು," ಎಂದರು ಬೇಬಿಯಕ್ಕ. "ಕಿತ್ತಳೆ ಇರುದು ಮೂರನೇದರಲ್ಲಿ. ಎರಡನೇದು ಹಸಿರು ಉಂಟು, ಒಳ್ಳೆ ಕೆಲಸ ಮಾಡ್ತಾ ಉಂಟು."

"ಸ್ಕ್ರೀನ್‌ನಲ್ಲಿ ಟೂ ಅಂತ ಇದೆ ಕಣ್ರೀ."

"ಅದು ಸೊನ್ನೆಯಿಂದ ಎಣಿಸುದು. ಸೊನ್ನೆ, ಒಂದು, ಎರಡು. ಎರಡು ಅಂದ್ರೆ ಮೂರನೇದು. ಡಿಸ್ಕಿನ ಕೆಳಗೆ ನಂಬರ್ ಬರೆದಿದ್ದಾರೆ, ನಾನು ನೋಡಿಯೇ ಹೇಳುದು."

ಕಂಪ್ಯೂಟರ್ ಸೊನ್ನೆಯಿಂದ ಎಣಿಸುತ್ತದೆ ಎಂಬುದು ನಮ್ಮ ಕಸುಬಿನಲ್ಲಿ ಮೊದಲ ವಾರ ಕಲಿಯುವ ಪಾಠ. ನನಗೆ ಗೊತ್ತಿತ್ತು. ತ್ಯಾಗರಾಜರಿಗೂ ಯಾವತ್ತೋ ಗೊತ್ತಿದ್ದಿರಬೇಕು. ಆದರೆ ಜೂನ್‌ನ ನೀಲಿ ದೀಪ ಅವರ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿತ್ತು. "ನಿಮ್ಮನ್ನ ಲೈಟ್ ಬಗ್ಗೆ ಒಪಿನಿಯನ್ ಕೇಳ್ಲಿಲ್ಲ. ಹೇಳಿದ್ದು ಮಾಡಿ" ಎಂದರು.

"ಹಾಗಾದ್ರೆ ಈಮೇಲ್‌ನಲ್ಲಿ ಬರೆದು ಕಳಿಸಿ. ಬಾಯಲ್ಲಿ ಹೇಳಿದ್ರೆ ನಾನು ಹಸಿರು ಡಿಸ್ಕ್ ಎಳಿಯುದಿಲ್ಲ."

ಬರೆದು ಕಳಿಸುವ ಬದಲು ತ್ಯಾಗರಾಜರು ಕಾರಿನ ಕೀ ತೆಗೆದುಕೊಂಡರು. "ಬಾರೋ, ಹೋಗಿ ನಾವೇ ಮಾಡೋಣ." ಊಟ ಮುಗಿಸಿ ಹೊರಟು ಒಂದೂಕಾಲಿಗೆ ಅಲ್ಲಿದ್ದೆವು. ಲೂಥರ್ ಇರಲಿಲ್ಲ. ಅಟ್ಲಾಂಟಾದಲ್ಲಿ ಕಂಪನಿ ತೆರೆಯುತ್ತಿದ್ದ ಹೊಸ ಕಟ್ಟಡದ ಕೆಲಸಕ್ಕೆ ಆ ವಾರವೆಲ್ಲ ಹೋಗಿದ್ದ. ಗಿರಾಕಿ ತನ್ನ ಸರ್ವರನ್ನು ತಾನೇ ಮುಟ್ಟಬಹುದು ಎಂಬುದು ಅಲ್ಲಿಯ ನಿಯಮ, ಬೇಬಿಯಕ್ಕನಿಗೆ ತಡೆಯುವ ಅಧಿಕಾರವಿಲ್ಲ. ಆದರೂ ಅವರು ರ‍್ಯಾಕಿನ ಪಕ್ಕದಲ್ಲೇ ನಿಂತು, "ಬೇಡ ಮಾರಾಯ್ರೆ, ಒಮ್ಮೆ ಬಗ್ಗಿ ನೋಡಿ. ಕಿತ್ತಳೆ ಎಲ್ಲಿ ಉಂಟು ನೋಡಿ" ಎಂದರು.

ಕಿತ್ತಳೆ ಎಲ್ಲಿದೆ ಎಂದು ನಾನು ನೋಡಿದೆ. ಎಡದಿಂದ ಮೂರನೆಯದರಲ್ಲಿ ಮಿನುಗುತ್ತಿತ್ತು. ಒಂದು ಮಗು ಕೂಡ ಬೆರಳು ತೋರಿಸಿ ಹೇಳಬಹುದಿತ್ತು. "ಸರ್" ಎಂದೆ. ತ್ಯಾಗರಾಜರು ತಿರುಗಿ ನೋಡಿದರು. ನಾನು ಸುಮ್ಮನಾದೆ. ಆ ಮೌನಕ್ಕೆ ಈ ಹೊತ್ತಿಗೂ ನನ್ನ ಬಳಿ ಒಂದು ಮರ್ಯಾದಸ್ತ ಕಾರಣವಿಲ್ಲ.

ಅವರು ಎರಡನೆಯದನ್ನು ಎಳೆದರು.

ಎರಡು ಸೆಕೆಂಡು ಏನೂ ಆಗಲಿಲ್ಲ. ಆಮೇಲೆ ಉಳಿದ ಡಿಸ್ಕುಗಳ ಹಸಿರು ಮಿನುಗು ಒಟ್ಟಿಗೇ ನಿಂತಿತು. ಸರ್ವರಿನ ಮೂತಿಯ ಮೇಲಿನ ದೊಡ್ಡ ದೀಪ ಕಿತ್ತಳೆಯಾಯಿತು. ತ್ಯಾಗರಾಜರು ಎಳೆದ ಡಿಸ್ಕನ್ನು ಮತ್ತೆ ಒಳಗೆ ನೂಕಿದರು, ಇನ್ನೊಮ್ಮೆ ಎಳೆದು ನೂಕಿದರು. ಹಣೆಯಲ್ಲಿ ಬೆವರು. ಆ ಹಾಲ್ ಫ್ರಿಜ್ಜಿನ ಹಾಗೆ ತಣ್ಣಗಿರುತ್ತದೆ. ಕೈಗೆ ಸಿಕ್ಕ ಬಟನ್ ಒತ್ತಿದರು. ಅದು ಗುರುತಿನ ಬಟನ್, ನೀಲಿ ಹತ್ತಿತು. ನೀಲಿ ನೋಡಿ ಇನ್ನಷ್ಟು ಗಾಬರಿಯಾಗಿ ಪಕ್ಕದ ಪವರ್ ಬಟನ್ನಿಗೆ ಹೆಬ್ಬೆರಳು ಒತ್ತಿ ಹಿಡಿದರು.

"ಹಿಡೀಬೇಡಿ! ಬಿಡಿ, ಬಿಡಿ!" ಎಂದು ಬೇಬಿಯಕ್ಕ ಕೂಗಿದರು.

ಬಿಡಲಿಲ್ಲ. ಫ್ಯಾನುಗಳ ಸದ್ದು ಇಳಿದು ನಿಂತಿತು.

ಮೂರು ಕೌಂಟಿಗಳ ಬಸ್ ಪಟ್ಟಿ ಹೋಗಿತ್ತು. ಬ್ಯಾಕಪ್ ಇದೆಯಲ್ಲ ಎಂದು ನೀವು ಕೇಳಬಹುದು. ಕೊನೆಯ ಬ್ಯಾಕಪ್ ಮೂರು ವಾರ ಹಿಂದಿನದು. ತ್ಯಾಗರಾಜರ ಹೊಸ ವಿನ್ಯಾಸದಲ್ಲಿ ಹಳೆಯ ಬ್ಯಾಕಪ್ ನಿಂತುಹೋಗಿತ್ತು, ಹೊಸದು ಇನ್ನೂ ಚೌಕ ಮತ್ತು ಬಾಣದ ಸ್ಥಿತಿಯಲ್ಲಿತ್ತು. ನಾನು ಮೂರು ಸಲ ಹೇಳಿದ್ದೆ, ನಾಲ್ಕನೇ ಸಲ ಹೇಳುವ ಉಸಾಬರಿ ಬಿಟ್ಟಿದ್ದೆ. ಆ ಸಂಜೆಯೇ ತ್ಯಾಗರಾಜರು ಹೊಸ ಡಿಸ್ಕುಗಳನ್ನು ಹಾಕಿಸಿ ಸರ್ವರನ್ನು ಪೂರ್ತಿ ಅಳಿಸಿ ಹೊಸದಾಗಿ ಕಟ್ಟಿಸಿದರು. ಯಾರು, ಎಷ್ಟು ಗಂಟೆಗೆ, ಯಾವ ಡಿಸ್ಕ್ ಎಳೆದರು ಎಂದು ಸರ್ವರ್ ತನ್ನೊಳಗೇ ಬರೆದಿಟ್ಟುಕೊಂಡಿದ್ದ ದಾಖಲೆಯೂ ಅದರ ಜೊತೆ ಹೋಯಿತು. ಶುಕ್ರವಾರ ಅವರ ವರದಿ ಹೊರಟಿತು: ಹೋಸ್ಟಿಂಗ್ ಕಂಪನಿಯ ಟೆಕ್ನಿಷಿಯನ್ ತಪ್ಪು ಡಿಸ್ಕ್ ತೆಗೆದದ್ದರಿಂದ ಈ ಅನಾಹುತ. ಕಳಿಸುವ ಮೊದಲು ನನಗೆ ಕೊಟ್ಟು "ಒಂದ್ಸಲ ಸ್ಪೆಲಿಂಗ್ ನೋಡು" ಎಂದರು. ನಾನು ಎರಡು ಕಡೆ ಸ್ಪೆಲಿಂಗ್ ತಿದ್ದಿ ವಾಪಸ್ ಕೊಟ್ಟೆ.

ಸೋಮವಾರ ಕ್ಯಾರೊಲೈನಾದಲ್ಲಿ ಬಸ್ಸುಗಳು ಹಳೆಯ ಪಟ್ಟಿಯ ಮೇಲೆ ಹೊರಟವು. ಬಹಳ ಕಡೆ ಏನೂ ಆಗಲಿಲ್ಲ. ಇಪ್ಪತ್ತು ವರ್ಷದಿಂದ ಅದೇ ರಸ್ತೆಯಲ್ಲಿ ಬಸ್ ಓಡಿಸುತ್ತಿದ್ದ ಹೆಂಗಸರು ನಮ್ಮ ಪಟ್ಟಿಯನ್ನು ಸೀಟಿನ ಕೆಳಗೆ ಹಾಕಿ ತಮಗೆ ತಿಳಿದ ಹಾಗೆ ಹೋದರು. ಹೊಸ ಡ್ರೈವರುಗಳು ಮಾತ್ರ ನಮ್ಮನ್ನು ನಂಬಿದರು. ಅವರ ಬಸ್ಸಿನ ಮಕ್ಕಳು ಹತ್ತು ಗಂಟೆಗೆ ಶಾಲೆ ತಲುಪಿದರು. ಬೇಸಿಗೆಯಲ್ಲಿ ಮನೆ ಬದಲಾಯಿಸಿದ್ದ ಮಕ್ಕಳು ಮುಕ್ಕಾಲು ಗಂಟೆ ಬಿಸಿಲಲ್ಲಿ ರಸ್ತೆ ಬದಿ ನಿಂತಿದ್ದರು. ತಾಯಂದಿರ ಫೋನುಗಳು ಶುರುವಾದವು.

ಬುಧವಾರ ಮಧ್ಯಾಹ್ನ ಸ್ಟರ್ಲಿಂಗ್‌ನಲ್ಲಿ ಮೀಟಿಂಗ್. ಹೋಸ್ಟಿಂಗ್ ಕಂಪನಿಯ ಮ್ಯಾನೇಜರ್, ನಮ್ಮ ಕಂಪನಿಯ ವೈಸ್ ಪ್ರೆಸಿಡೆಂಟ್ ಆಗಿದ್ದ ಒಬ್ಬ ಅಮೆರಿಕನ್ ಮಹಿಳೆ, ತ್ಯಾಗರಾಜರು, ನಾನು, ಬೇಬಿಯಕ್ಕ. ಲೂಥರ್ ಅಟ್ಲಾಂಟಾದಿಂದ ಫೋನಿನಲ್ಲಿ. ಮೂವರೂ ಹಾಲ್ ಹೊಕ್ಕಿದ್ದಕ್ಕೆ ಬಾಗಿಲಿನ ದಾಖಲೆ ಇತ್ತು. ಕ್ಯಾಮೆರಾ ಸಾಲಿನ ತುದಿಯನ್ನಷ್ಟೇ ನೋಡುತ್ತಿತ್ತು. ಇಂಗ್ಲಿಷಿನ ದೂರು ಪಟ್ಟಿಯಲ್ಲಿ ಕೆಟ್ಟದ್ದು ಯಾವುದು ಎಂದಷ್ಟೇ ಇತ್ತು, ಯಾರು ಏನು ಎಳೆದರು ಎಂದಿರಲಿಲ್ಲ. ತ್ಯಾಗರಾಜರು ತುಂಬ ಬೇಸರದ ದನಿಯಲ್ಲಿ, ಆ ಹೆಂಗಸು ಒಳ್ಳೆಯವರು, ಆದರೆ ತಾಂತ್ರಿಕ ತರಬೇತಿ ಸಾಲದು, ಗಡಿಬಿಡಿಯಲ್ಲಿ ಹೀಗಾಗಿದೆ ಎಂದರು. ಕರುಣೆ ತೋರಿಸುತ್ತಲೇ ಕತ್ತು ಕೊಯ್ಯುವ ಕಲೆ ಅವರಿಗೆ ಚೆನ್ನಾಗಿ ಬರುತ್ತಿತ್ತು.

ಬೇಬಿಯಕ್ಕ ನೋಟ್‌ಬುಕ್ ತೆಗೆದು ಆ ಗುರುವಾರದ ಪುಟ ಬಿಡಿಸಿ ಮೇಜಿನ ಮೇಲಿಟ್ಟರು.

"ಇದು ಯಾವ ಭಾಷೆ?" ಎಂದರು ವೈಸ್ ಪ್ರೆಸಿಡೆಂಟ್.

"ಕನ್ನಡ."

"ಅದು ನಿಮ್ಮ ಭಾಷೆಯಲ್ಲವೇ?" ಎಂದು ಅವರು ನೋಟ್‌ಬುಕ್ಕನ್ನು ತ್ಯಾಗರಾಜರ ಕಡೆ ಸರಿಸಿದರು.

ಸಂಘದ ವೇದಿಕೆಯಲ್ಲಿ ವರ್ಷಕ್ಕೆರಡು ಸಲ ಕನ್ನಡವೇ ನಮ್ಮ ಉಸಿರು ಎಂದು ಭಾಷಣ ಮಾಡುವ ತ್ಯಾಗರಾಜರು ಪುಟವನ್ನು ಮೇಲಿಂದ ಕೆಳಗೆ ಓದಿದರು. ಕಿವಿ ಕೆಂಪಾಯಿತು. "ಇದು ಪರ್ಸನಲ್. ಮನೆ ಸಾಮಾನಿನ ಪಟ್ಟಿ, ಅಂಥದ್ದು. ಇದಕ್ಕೂ ಈ ವಿಷಯಕ್ಕೂ ಸಂಬಂಧವಿಲ್ಲ" ಎಂದು ನೋಟ್‌ಬುಕ್ ಮುಚ್ಚಿದರು.

ಪಕ್ಕದಲ್ಲೇ ಕೂತಿದ್ದ ನನಗೆ ಆ ಪುಟ ಕಂಡಿತ್ತು. ಮಣಿ ಪೋಣಿಸಿದಂಥ ಅಕ್ಷರ. ನಾನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತೆ.

ಬೇಬಿಯಕ್ಕ ಕೋಪ ಮಾಡಿಕೊಳ್ಳಲಿಲ್ಲ. ನೋಟ್‌ಬುಕ್ಕನ್ನು ವಾಪಸ್ ಎಳೆದುಕೊಂಡು, ಕನ್ನಡಕ ಹಾಕಿಕೊಂಡು, ಒಂದೊಂದೇ ಸಾಲು ಇಂಗ್ಲಿಷಿನಲ್ಲಿ ಹೇಳತೊಡಗಿದರು. ಹನ್ನೊಂದು ಹತ್ತಕ್ಕೆ ಕಂಡ ಕಿತ್ತಳೆ. ಫೋನಿನ ಮಾತು. ಸೊನ್ನೆಯಿಂದ ಎಣಿಸುವುದನ್ನು ಹೇಳಿದ್ದು. ಒಂದು ಇಪ್ಪತ್ತೈದಕ್ಕೆ ತ್ಯಾಗರಾಜರು ಎರಡನೆಯದನ್ನು ಎಳೆದದ್ದು. ನೀಲಿ, ಆಮೇಲೆ ಪವರ್ ಬಟನ್. ಓದಿ ಮುಗಿಸಿ ನನ್ನ ಕಡೆ ನೋಟ್‌ಬುಕ್ ತಳ್ಳಿದರು.

"ಕೃಷ್ಣಪ್ರಸಾದ್, ನೀವು ಓದಿ ನೋಡಿ. ನಾನು ಏನಾದ್ರೂ ಸೇರಿಸಿ ಹೇಳಿದ್ರೆ ಅವರಿಗೆ ಹೇಳಿ."

ಓದಿದೆ. ಏನನ್ನೂ ಸೇರಿಸಿರಲಿಲ್ಲ. ಆದರೆ ಒಂದು ಸಾಲು ಬಿಟ್ಟಿದ್ದರು. "ಎರಡನೆಯದನ್ನು ಎಳೆದರು" ಎಂಬುದರ ಕೆಳಗೆ ಬರೆದಿತ್ತು: "ಕೃಷ್ಣಪ್ರಸಾದರಿಗೆ ಕಿತ್ತಳೆ ಕಾಣುತ್ತಿತ್ತು. ಮಾತಾಡಲಿಲ್ಲ."

ತ್ಯಾಗರಾಜರು ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಗ್ರೀನ್ ಕಾರ್ಡಿನ ಕಾಗದಗಳಿಗೆ ಸಹಿ ಹಾಕಬೇಕಾದ್ದು ಅವರ ಕೈ. ಬೇಬಿಯಕ್ಕ ಕನ್ನಡಕ ಒರೆಸುತ್ತಿದ್ದರು. ನಾನು ಪುಟವನ್ನು ಮೊದಲಿನಿಂದ ಇಂಗ್ಲಿಷಿಗೆ ತಿರುಗಿಸಿ ಓದಿದೆ. ಅವರು ಬಿಟ್ಟ ಸಾಲನ್ನೂ ಓದಿದೆ.

"ಅಂದರೆ ನೀವು ಅಲ್ಲಿದ್ದಿರಿ," ಎಂದರು ವೈಸ್ ಪ್ರೆಸಿಡೆಂಟ್.

"ಇದ್ದೆ."

"ಮತ್ತೆ ಆ ವರದಿ?"

"ಅದರ ಸ್ಪೆಲಿಂಗ್ ತಿದ್ದಿದ್ದು ನಾನೇ."

ಫೋನಿನಲ್ಲಿ ಲೂಥರ್ ಒಮ್ಮೆ ಕೆಮ್ಮಿದ.

ಪಾರ್ಕಿಂಗ್ ಲಾಟಿನಲ್ಲಿ ನಾನು ಬೇಬಿಯಕ್ಕನ ಹಿಂದೆ ಓಡಿಹೋಗಿ ಸಾರಿ ಕೇಳಿದೆ. ಅವರು ಕಾರಿನ ಬಾಗಿಲು ತೆರೆದು ನನ್ನ ಕಡೆ ತಿರುಗಿದರು.

"ಆ ದಿವಸ ಒಂದು ಮಾತು ಹೇಳಿದ್ರೆ ಮಕ್ಕಳು ಬಿಸಿಲಲ್ಲಿ ನಿಲ್ತಿರಲಿಲ್ಲ. ನಂಗೆ ಸಾರಿ ಎಂತಕ್ಕೆ? ಹೋಗಿ ಬ್ಯಾಕಪ್ ಸರಿ ಮಾಡಿ." ಕಾರು ಹೊರಟಿತು. ಅಶ್ವಿತಾಳನ್ನು ಸ್ಕೂಲಿನಿಂದ ಕರೆದುಕೊಂಡು ಬರುವ ಹೊತ್ತಾಗಿತ್ತು.

ನ್ಯಾಯ ಸಿಕ್ಕಿತು ಎಂದುಕೊಂಡವರಿಗೆ ಮುಂದಿನದನ್ನೂ ಹೇಳಬೇಕು. ವರದಿ ತಿದ್ದುಪಡಿಯಾಯಿತು. ಹೊಸ ವರದಿಯಲ್ಲಿ ಡಿಸ್ಕನ್ನು ಯಾರೂ ಎಳೆದಿರಲಿಲ್ಲ, "ಎಣಿಕೆಯ ವ್ಯತ್ಯಾಸದಿಂದ ಡಿಸ್ಕ್ ಹೊರಬಂದಿತ್ತು". ಬೇಬಿಯಕ್ಕನ ಮೇಲಿನ ದೂರು ವಾಪಸಾಯಿತು. ಕ್ಷಮೆಯ ಒಂದು ಸಾಲು ಯಾರಿಂದಲೂ ಬರಲಿಲ್ಲ. ಕೌಂಟಿಗಳ ಜೊತೆ ಕೆಟ್ಟ ಸಂಬಂಧ ಸರಿಪಡಿಸಲು ಹತ್ತಿರದಲ್ಲೇ ಒಬ್ಬ ಹಿರಿಯರಿರಬೇಕೆಂದು ತ್ಯಾಗರಾಜರನ್ನು ಡೈರೆಕ್ಟರ್ ಮಾಡಿ ರಾಲಿಗೆ ಕಳಿಸಿದರು. ಬೀಳ್ಕೊಡುಗೆಗೆ ಕೇಕ್ ತಂದಿದ್ದರು. ಅಲ್ಲಿಯ ಕನ್ನಡ ಸಂಘ ಮರುವರ್ಷವೇ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ನನ್ನ ಗ್ರೀನ್ ಕಾರ್ಡಿನ ಕಾಗದಗಳು ಅವರ ಮೇಜಿನಲ್ಲೇ ಉಳಿದವು. ಆರು ತಿಂಗಳು ಕಾದು ನಾನು ಬೇರೆ ಕಂಪನಿ ಸೇರಿ ಮೊದಲಿನಿಂದ ಶುರು ಮಾಡಿದೆ. ಬ್ಯಾಕಪ್ ಸರಿ ಮಾಡಿಯೇ ಹಳೆಯ ಕಂಪನಿ ಬಿಟ್ಟೆ, ಅಷ್ಟು ಹೇಳಿಕೊಳ್ಳಬಹುದು.

ಅಟ್ಲಾಂಟಾದ ಕಟ್ಟಡ ಸಿದ್ಧವಾದಾಗ ಲೂಥರ್ ಬೇಬಿಯಕ್ಕನನ್ನು ಅಲ್ಲಿಗೆ ಕರೆದ. ಮಗಳ ಹೈಸ್ಕೂಲ್ ಮುಗಿಯಲಿ ಎಂದರು. "ಅಮ್ಮಾ, ಯು ಶುಡ್ ಗೋ. ನಾನು ಮ್ಯಾನೇಜ್ ಮಾಡ್ತೀನಿ" ಎಂದು ಅಶ್ವಿತಾ ಹೇಳಿದರೂ ಒಪ್ಪಲಿಲ್ಲ. ಎರಡು ವರ್ಷ ಕಾದು, ಮಗಳನ್ನು ಕಾಲೇಜಿಗೆ ಬಿಟ್ಟು, 2007ರ ಬೇಸಿಗೆಯಲ್ಲಿ ಹೋದರು. ಪುಂಡಲೀಕರು ರಾಲಿಯನ್ನು ಬಿಟ್ಟು ಅಟ್ಲಾಂಟಾದ ಒಂದು ಯೂನಿವರ್ಸಿಟಿಯಲ್ಲಿ ಕೆಲಸ ಹಿಡಿದರು. ಅಮೆರಿಕಕ್ಕೆ ಬಂದ ಒಂಬತ್ತು ವರ್ಷದಲ್ಲಿ ಮೊದಲ ಸಲ ನನಗಾಗಿ ಅಲ್ಲದೆ ಹೆಂಡತಿಗಾಗಿ ಊರು ಬದಲಾಯಿಸಿದ್ದೇನೆ ಎಂದು ಅವರು ಎಲ್ಲರಿಗೂ ಹೇಳಿಕೊಂಡರು. ಮರುವರ್ಷ ಲೂಥರ್ ನಿವೃತ್ತನಾಗಿ ತನ್ನ ಊರಿಗೆ ಹೋದ. ಅವನ ಜಾಗಕ್ಕೆ ಬೇಬಿಯಕ್ಕ ಬಂದರು. ಅವರ ಕೈಕೆಳಗೆ ಈಗ ಹದಿನಾಲ್ಕು ಜನ.

ಅಧಿಕಾರ ಬಂದ ಮೊದಲ ತಿಂಗಳೇ ಅವರೊಂದು ನಿಯಮ ಮಾಡಿದ್ದಾರೆ. ಗಿರಾಕಿ ತನ್ನ ಸರ್ವರಿಗೆ ಕೈ ಹಾಕುವ ಮೊದಲು ಟೆಕ್ನಿಷಿಯನ್ ಪಕ್ಕದಲ್ಲಿರಬೇಕು. ಯಾವ ದೀಪ ಯಾವ ಬಣ್ಣದಲ್ಲಿದೆ ಎಂದು ಗಿರಾಕಿಯೇ ಬೆರಳಿಟ್ಟು ತೋರಿಸಿ, ಬಾಯಿಬಿಟ್ಟು ಹೇಳಿ, ಸಹಿ ಹಾಕಬೇಕು. ಇದು ತಮಗೆ ಅವಮಾನ, ತಮ್ಮನ್ನು ಮಕ್ಕಳ ಹಾಗೆ ನಡೆಸಿಕೊಳ್ಳುತ್ತಾರೆ ಎಂದು ಮೂವರು ಆರ್ಕಿಟೆಕ್ಟುಗಳು ಬರವಣಿಗೆಯಲ್ಲಿ ದೂರು ಕೊಟ್ಟಿದ್ದಾರೆ.

"ಎಂತ ಮಾಡಿದ್ರಿ ಅಕ್ಕ, ದೂರಿಗೆ?" ಎಂದು ಹೋದ ತಿಂಗಳು ಫೋನಿನಲ್ಲಿ ಅವರದೇ ಭಾಷೆಯಲ್ಲಿ ಕೇಳಿದೆ.

"ಉತ್ತರ ಬರೆದೆ," ಎಂದರು. "ಮೂವರಲ್ಲಿ ಇಬ್ಬರು ಬಣ್ಣ ತಪ್ಪು ಹೇಳಿದ್ದಾರೆ ಅಂತ."